ಹೊಸ ಬೀಜಕ್ಕೆ ಹೊಲವೇ ಒರೆಗಲ್ಲು



ಹೊಸ ತಳಿ ಬಂದಿದೆ, ಬಿತ್ತಿ ನೋಡಿ ಎಂದು ನಾವು ಹೇಳಿದಾಗ ನೀವು ಕೇಳುವ ಮಾತು ಒಂದೇ: “ಸರ್ಕಾರಿ ಫಾರಂನಲ್ಲಿ ಬೆಳೆದೀತು ಸ್ವಾಮಿ, ನಮ್ಮ ಎರಡೆಕರೆಯಲ್ಲಿ ಬೆಳೀತದೆಯೆ?” ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಒಂದು ಬೆಳೆ ಕೈಕೊಟ್ಟರೆ ಮನೆಮಂದಿಯ ಒಂದು ವರ್ಷದ ಅನ್ನ ಹೋದಂತೆ. ಈ ಪ್ರಶ್ನೆಗೆ ಉತ್ತರ ದೊರೆತ ಒಂದು ಚರಿತ್ರೆಯನ್ನು ನೋಡೋಣ.

1960ರ ಸುಮಾರಿಗೆ ಉತ್ತರ ಭಾರತದ ಗೋಧಿ ಎತ್ತರವಾಗಿ ಬೆಳೆಯುತ್ತಿತ್ತು. ಗೊಬ್ಬರ, ನೀರು ಹೆಚ್ಚು ಕೊಟ್ಟರೆ ತೆನೆಯ ಭಾರಕ್ಕೆ ದಂಟು ತಾಳದೆ ಪೈರು ನೆಲಕ್ಕೆ ಒರಗುತ್ತಿತ್ತು. ಹಾಕಿದ ಗೊಬ್ಬರವೂ ದಂಡ! ಮೆಕ್ಸಿಕೋ ದೇಶದಲ್ಲಿ ನಾರ್ಮನ್ ಬೋರ್ಲಾಗ್ ಎಂಬ ವಿಜ್ಞಾನಿ, ಜಪಾನಿನ ನೋರಿನ್-10 ಗೋಧಿಯ ಗಿಡ್ಡ ಗುಣವನ್ನು ಕೂಡಿಸಿ, ಸುಲಭವಾಗಿ ಒರಗದ ತಳಿಗಳನ್ನು ಸಿದ್ಧಪಡಿಸಿದ್ದರು. 1963ರಲ್ಲಿ ಆ ಬೀಜ ನಮ್ಮ ದೇಶಕ್ಕೆ ಬಂತು. ಸಂಶೋಧನಾ ಕೇಂದ್ರಗಳಲ್ಲಿ ಚೆನ್ನಾಗಿಯೇ ಬೆಳೆಯಿತು.

ಅಷ್ಟಕ್ಕೇ ರೈತ ನಂಬುವನೆ? ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಡಾ. ಎಂ. ಎಸ್. ಸ್ವಾಮಿನಾಥನ್ ಅವರು ಈ ಪರೀಕ್ಷೆ ರೈತರ ಹೊಲದಲ್ಲೇ, ಅದರಲ್ಲೂ ಸಣ್ಣ ರೈತರ ಹೊಲದಲ್ಲೇ ನಡೆಯಬೇಕೆಂದರು. ಸಾಹುಕಾರನ ಹೊಲದಲ್ಲಿ ಬೆಳೆ ಬಂದರೆ ಅದು ದುಡ್ಡಿನ ಫಲ, ಬೀಜದ್ದಲ್ಲ ಎಂದು ಊರವರು ಆಡಿಕೊಂಡಾರು, ಅಲ್ಲವೆ? ಹೀಗೆ 1964-65ರ ಹಿಂಗಾರಿನಲ್ಲಿ ರಾಷ್ಟ್ರೀಯ ಪ್ರಾತ್ಯಕ್ಷಿಕೆಗಳು ಆರಂಭವಾದವು.

ಬೀಜ ಹೊಸದಾದರೆ ಬೇಸಾಯವೂ ಹೊಸದೇ. ಗಿಡ್ಡ ಗೋಧಿಯನ್ನು ಆಳಕ್ಕೆ ಬಿತ್ತಿದರೆ ಮೊಳಕೆ ಮೇಲೆ ಬಾರದು, ಎರಡಂಗುಲ ಸಾಕು. ಬಿತ್ತಿದ ಮೂರು ವಾರಕ್ಕೆ ಮೊದಲ ನೀರು ತಪ್ಪಬಾರದು. ರೈತರು ಇದನ್ನು ಕೈಯಾರೆ ಮಾಡಿ ಕಲಿತರು. ಬೀಜಕ್ಕೆ ಬೇಡಿಕೆ ಏರಿತು. 1966ರಲ್ಲಿ ಸರ್ಕಾರ ಮೆಕ್ಸಿಕೋದಿಂದ 18,000 ಟನ್ ಬೀಜ ತರಿಸಿತು. ದೆಹಲಿಯ ಹತ್ತಿರದ ಜೌಂತಿ ಗ್ರಾಮದವರು ತಾವೇ ಬೀಜ ಬೆಳೆದು ಇತರರಿಗೂ ಒದಗಿಸಿದರು.

ಆದರೂ ಒಂದು ತಕರಾರು ಉಳಿಯಿತು. ಈ ಗೋಧಿಯ ಕಾಳು ಕೆಂಪು! ರೊಟ್ಟಿಗೆ ಹೊಂಬಣ್ಣದ ಕಾಳೇ ಬೇಕೆಂದು ಉಣ್ಣುವವರ ಹಟ. ವಿಜ್ಞಾನಿಗಳು ಅದಕ್ಕೆ ಕಿವಿಗೊಟ್ಟು, ಹೊಂಬಣ್ಣದ ಕಲ್ಯಾಣ್ ಸೋನಾ, ಸೋನಾಲಿಕಾ ತಳಿಗಳನ್ನು ಆರಿಸಿ ಕೊಟ್ಟರು. 1964-65ರಲ್ಲಿ ಸುಮಾರು 123 ಲಕ್ಷ ಟನ್ ಇದ್ದ ದೇಶದ ಗೋಧಿ, 1967-68ರಲ್ಲಿ ಸುಮಾರು 165 ಲಕ್ಷ ಟನ್ನಿಗೆ ಏರಿತು.

ಇದು ಬೀಜವೊಂದರ ಮಹಿಮೆಯಲ್ಲ. ನೀರು, ಗೊಬ್ಬರ ಜೊತೆಗೂಡಿದ ಫಲ. ನಮ್ಮ ಧಾರವಾಡ ಸೀಮೆಯ ಎರೆ ಹೊಲದಲ್ಲಿ, ಬರೀ ನೆಲದ ತೇವದ ಮೇಲೆ ಬೆಳೆಯುವ ಗೋಧಿಯ ಲೆಕ್ಕವೇ ಬೇರೆ. ಅದಕ್ಕೇ ಹಿರಿಯರು ಹೇಳಿದ್ದು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು.

ನೀವೂ ಹಾಗೆಯೇ ಮಾಡಿ. ಹೊಲವೆಲ್ಲ ಬೇಡ, ನಾಲ್ಕೈದು ಗುಂಟೆ ಸಾಕು. ಒಂದೇ ಮಣ್ಣಿನಲ್ಲಿ, ಒಂದೇ ದಿನ, ಹಳೆಯ ತಳಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಬಿತ್ತಿ. ಎರಡಕ್ಕೂ ಗೊಬ್ಬರ, ನೀರು ಸಮನಾಗಿರಲಿ. ಕಾಳನ್ನೂ ಹುಲ್ಲನ್ನೂ ಬೇರೆಬೇರೆ ತೂಗಿ. ಅಡುಗೆ ಮಾಡಿದ ತಾಯಂದಿರ ಅಭಿಪ್ರಾಯವನ್ನೂ ಕೇಳಿ. ಒಪ್ಪಿಗೆಯಾದರೆ ಮುಂದಿನ ವರ್ಷ ಎಕರೆಗೆ ಹಬ್ಬಿಸಿ. ಆಗದಿದ್ದರೆ ಹೋದದ್ದು ನಾಲ್ಕು ಗುಂಟೆಯ ಬೆಳೆ, ಮನೆಯ ಕಣಜವಲ್ಲ.