ಮಂಜರಾಬಾದಿನ ಮಲೆಗಳಲ್ಲಿ ಪ್ರಾಥಮಿಕ ಶಾಲೆ: ವನಗೂರು ಸೀಮೆಯ ಜನಸ್ಥಿತಿ ಮತ್ತು ವಿದ್ಯಾಫಲ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆಸೀಮೆಯಲ್ಲಿ, ವಿಶೇಷವಾಗಿ ಹೆತ್ತೂರು, ಯಸಳೂರು, ಬಿಸಿಲೆಗಳ ನಡುವಣ ವನಗೂರಿನ ಆಸುಪಾಸಿನಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆಯ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಅಲ್ಲಿನ ಮನೆಗಳು ನಿಂತಿರುವ ರೀತಿಯನ್ನು ನೋಡಬೇಕು. ಬಯಲುಸೀಮೆಯಲ್ಲಿ ಊರೆಂದರೆ ಕೇರಿಗೆ ಕೇರಿ ತಾಗಿಕೊಂಡು, ನಡುವೆ ಗುಡಿ, ಬಾವಿ, ಚಾವಡಿಗಳನ್ನು ಇರಿಸಿಕೊಂಡ ಜನವಸತಿ. ಮಲೆಯಲ್ಲಿ ಊರೆಂದರೆ ಗದ್ದೆಬಯಲಿನ ಅಂಚಿಗೆ ಎರಡು ಮನೆ, ದಿಣ್ಣೆ ಏರಿ ಹಳ್ಳ ದಾಟಿದರೆ ಮತ್ತೆ ಮೂರು ಮನೆ, ಉಳಿದದ್ದೆಲ್ಲ ಕಾಡು ಮತ್ತು ಕಾಫಿಯ ತೋಟ. ಈ ಶಾಲೆಗಳ ಹಾಜರಿಯನ್ನೂ ಫಲಿತಾಂಶವನ್ನೂ ಉಪಾಧ್ಯಾಯರ ಶ್ರದ್ಧೆ ಅಶ್ರದ್ಧೆಗಳಿಗಿಂತ ಮಿಗಿಲಾಗಿ ನಿರ್ಣಯಿಸುತ್ತ ಬಂದಿರುವುದು ಈ ಚದುರಿದ ವಸತಿಯೂ ಅದರಲ್ಲಿ ನೆಲೆಸುವ ಜನರ ಚಲನೆಯೂ ಎಂಬುದು ಈ ಲೇಖನದ ಪ್ರತಿಪಾದ್ಯ.

ಅಯ್ಯಗಳು ಜಗುಲಿಯ ಮೇಲೆ ಕುಳಿತು, ಮಕ್ಕಳಿಂದ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠವೇ ಕನ್ನಡನಾಡಿನ ಹಳೆಯ ಪಾಠಶಾಲೆ. ಕಮಿಷನರುಗಳ ಆಡಳಿತಕಾಲದಲ್ಲಿ, 1857ರಲ್ಲಿ, ಮೈಸೂರಿನಲ್ಲಿ ವಿದ್ಯಾಇಲಾಖೆ ಸ್ಥಾಪಿತವಾಯಿತು. ಆದರೆ ಹಳ್ಳಿಯ ಮಗುವನ್ನು ಕುರಿತು ವ್ಯವಸ್ಥಿತವಾಗಿ ಚಿಂತಿಸಿದ ಮೊದಲ ಪ್ರಯತ್ನವೆಂದರೆ, ಶಾಸನಸಂಶೋಧಕರೆಂದು ನಾವಿಂದು ಸ್ಮರಿಸುವ ಬಿ. ಎಲ್. ರೈಸ್ ಅವರು 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ. ಹೋಬಳಿಗೊಂದು ಶಾಲೆ, ಅದಕ್ಕೆ ಕಟ್ಟಡವನ್ನು ಜನರೇ ಒದಗಿಸತಕ್ಕದ್ದು, ಸಾಧ್ಯವಾದೆಡೆ ಆ ಊರ ಹಳೆಯ ಮಠದ ಅಯ್ಯನನ್ನೇ ತರಬೇತಿಗೆ ಕಳುಹಿಸಿ ಮಾಸ್ತರನನ್ನಾಗಿ ಮಾಡತಕ್ಕದ್ದು ಎಂಬ ಈ ಯೋಜನೆ ಉದಾತ್ತವಾದದ್ದು, ಮಿತವ್ಯಯದ್ದು, ಸ್ಥಳೀಯ ಗುರುವನ್ನು ಗೌರವಿಸುವಂಥದು. ಆದರೂ ಅದರ ಅಳತೆಗೋಲು ಬಯಲುಸೀಮೆಯದು. ಆಷಾಢದ ಮಳೆಯಲ್ಲಿ ತುಂಬಿ ಹರಿಯುವ ಹಳ್ಳಗಳನ್ನು ದಾಟಿ ಹೋಬಳಿಯ ಕೇಂದ್ರವನ್ನು ಸೇರುವುದು ಆರು ವರ್ಷದ ಮಗುವಿಗೆ ಆಗದ ಕೆಲಸ. ಆದ್ದರಿಂದ ಅಂದು ಮಂಜರಾಬಾದೆಂದು ಹೆಸರುಗೊಂಡಿದ್ದ ಸಕಲೇಶಪುರ ತಾಲ್ಲೂಕಿನಲ್ಲಿ ಶಾಲೆಯ ಪ್ರಯೋಜನ, ಶಾಲೆಗೆ ಹತ್ತಿರವಿದ್ದ ಅಥವಾ ಪೇಟೆಯಲ್ಲಿ ನಂಟರ ಮನೆಯಿದ್ದ ಕುಟುಂಬಗಳಿಗೇ ಮೊದಲು ಸಂದುದು ಸಹಜ.

ಇಷ್ಟರೊಳಗೆ ಈ ಬೆಟ್ಟಗಳಿಗೆ ಹೊಸ ಜನ ಬಂದಿದ್ದರು. 1840ರ ದಶಕದಲ್ಲಿ ಯುರೋಪಿಯನರ ಕಾಫಿತೋಟಗಳು ಇಲ್ಲಿ ಆರಂಭಗೊಂಡವು. 1850ರ ದಶಕದಲ್ಲಿ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ಅವರು ಈ ಸೀಮೆಯ ಜನಜೀವನವನ್ನು ಕುರಿತು ಗ್ರಂಥಗಳನ್ನೇ ರಚಿಸಿದರು. ತೋಟಕ್ಕೆ ಆಳು ಬೇಕು; ಆಳುಗಳನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಕರೆತಂದರು. ಹೀಗೆ ಹುಟ್ಟಿದ, ಆಳುಗಳಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನುಮನೆಗಳ ಮಗು ಶಾಲೆಯ ದೃಷ್ಟಿಗೆ ಬಹುಕಾಲ ಬೀಳಲಿಲ್ಲ. ಕನ್ನಡವಲ್ಲದ ಮನೆಮಾತು, ವರ್ಷದ ಅರ್ಧಭಾಗ ಮಾತ್ರ ಒಂದೆಡೆ ವಾಸ, ಬಹುಪಾಲು ಕುಟುಂಬಗಳಿಗೆ ಅಸ್ಪೃಶ್ಯತೆಯ ಹೊರೆ, ಈ ಮೂರೂ ಒಂದೇ ಮಗುವಿನ ಮೇಲೆ ಬಿದ್ದಿದ್ದುವು. 1908ರಲ್ಲಿ ಮೈಸೂರು ಸರ್ಕಾರ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿತು. 1913ರಲ್ಲಿ ಕಡ್ಡಾಯ ಶಿಕ್ಷಣದ ರೆಗ್ಯುಲೇಷನ್ ಬಂದಿತು. 1915ರಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಕೂಡದೆಂಬ ಆಜ್ಞೆ ಹೊರಟಿತು. ಈ ಮೂರರಲ್ಲಿ ಕೊನೆಯದೇ ಅತ್ಯಂತ ಮಹತ್ತ್ವದ್ದೆಂದು ನನ್ನ ಅಭಿಪ್ರಾಯ. ಏಕೆಂದರೆ ಶುಲ್ಕವಿಲ್ಲದ ಶಾಲೆಯೂ ಒಳಗೆ ಕೂಡಿಸದಿದ್ದರೆ ಮಗುವಿಗೆ ಶಾಲೆಯಲ್ಲ.

ಆಡಳಿತದ ಹೊಣೆ 1930ರ ರೆಗ್ಯುಲೇಷನ್ನಿನಿಂದ ಸ್ಥಳೀಯ ಸಂಸ್ಥೆಗಳಿಗೆ ಹೋಗಿ 1941ರಲ್ಲಿ ಮತ್ತೆ ಸರ್ಕಾರಕ್ಕೆ ಮರಳಿದ ಕಥೆ ಇಲ್ಲಿ ವಿಸ್ತರಿಸತಕ್ಕದ್ದಲ್ಲ. ಲೈನುಮನೆಗಳ ಮಟ್ಟಿಗೆ ಮುಖ್ಯವಾದದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ. ತೋಟವೊಂದರ ಕಾರ್ಮಿಕರಿಗೆ ಆರರಿಂದ ಹನ್ನೆರಡು ವಯಸ್ಸಿನ ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ, ಅವರ ವಿದ್ಯಾಭ್ಯಾಸಕ್ಕೆ ಅನುಕೂಲ ಕಲ್ಪಿಸಬೇಕೆಂದು ಮಾಲೀಕನಿಗೆ ವಿಧಿಸುವ ನಿಯಮಗಳನ್ನು ರಚಿಸಲು ಅದು ರಾಜ್ಯಸರ್ಕಾರಕ್ಕೆ ಅಧಿಕಾರವಿತ್ತಿತು. ಇಲ್ಲಿಯೂ ಅಳತೆ ಬೇರೆಡೆಯದೇ: ಅಸ್ಸಾಮಿನ ವಿಶಾಲ ಚಹಾತೋಟಗಳಲ್ಲಿ ಇಪ್ಪತ್ತೈದು ಮಕ್ಕಳು ಸುಲಭವಾಗಿ ದೊರೆತಾರು, ಸಣ್ಣ ಹಿಡುವಳಿಗಳೇ ಅಧಿಕವಾಗಿರುವ ಸಕಲೇಶಪುರದ ಕಡೆ ಐದು ತೋಟಗಳ ಮಕ್ಕಳನ್ನು ಕೂಡಿಸಿದರೂ ಅಷ್ಟಾಗುವುದು ದುರ್ಲಭ. ಆ ಮಕ್ಕಳೆಲ್ಲರ ಹೊಣೆ ಕಡೆಗೆ ಸರ್ಕಾರದ ಒಂದೆರಡು ಕೊಠಡಿಯ ಶಾಲೆಯ ಮೇಲೆಯೇ ನಿಂತಿತು, ಆ ಶಾಲೆಯೂ ಅದನ್ನು ನಿರ್ವಹಿಸಿತು.

ಈಗ ಜನಗಣತಿಯನ್ನು ನೋಡೋಣ. 2001ರಿಂದ 2011ರವರೆಗಿನ ದಶಕದಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ, ಹಾಸನ ಜಿಲ್ಲೆಯದು 17,21,669ರಿಂದ 17,76,421ಕ್ಕೆ ಏರಿ, ಶೇ. 3.18ರಷ್ಟು ಮಾತ್ರ ಬೆಳೆಯಿತು. ನೆರೆಯ ಕೊಡಗಿನದು ಶೇ. 1ರ ಸಮೀಪ, ಚಿಕ್ಕಮಗಳೂರಿನದು ಸೊನ್ನೆಗಿಂತಲೂ ಕೆಳಗೆ. ಆ ದಶಕದ ಮೊದಲ ವರ್ಷಗಳಲ್ಲಿ ಕಾಫಿಯ ಬೆಲೆ ಕುಸಿದು ತೋಟಗಳು ಬಡವಾಗಿದ್ದುವು. ಹುಟ್ಟುವ ಮಕ್ಕಳೂ ಕಡಮೆ, ಬೆಂಗಳೂರಿಗೆ ಹೊರಟ ತರುಣರೂ ಅನೇಕರು. ಉಳಿದವರಲ್ಲಿ ಅಲ್ಪಸ್ವಲ್ಪ ಅನುಕೂಲವುಳ್ಳವರ ಮಕ್ಕಳನ್ನು ಪೇಟೆಯ ಕಾನ್ವೆಂಟಿನ ವ್ಯಾನು ಕರೆದೊಯ್ಯುತ್ತದೆ. ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಹೆಚ್ಚಾಗಿ ಲೈನುಮನೆಯವರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳಗಳಿಂದ ಕಾಫಿಹಣ್ಣಿನ ಕೊಯ್ಲಿಗೆ ಬರುವ ಕುಟುಂಬಗಳ ಮಕ್ಕಳೂ ಇವರೊಡನೆ ಸೇರಿದ್ದಾರೆ.

ಇಂಥ ಶಾಲೆಯ ಸಾಧನೆಯನ್ನು ಶೇಕಡಾವಾರಿನಲ್ಲಿ ಹೇಳುವುದರಿಂದ ಭ್ರಾಂತಿಯೇ ಹೆಚ್ಚು. ಐದನೆಯ ತರಗತಿಯಲ್ಲಿ ನಾಲ್ವರೇ ಮಕ್ಕಳಿದ್ದು, ಒಬ್ಬಳು ಜನವರಿಯಲ್ಲಿ ತಾಯಿಯೊಡನೆ ಬೇರೊಂದು ತೋಟಕ್ಕೆ ಹೊರಟುಹೋದರೆ, ವರದಿಯಲ್ಲಿ ನೂರಕ್ಕೆ ಇಪ್ಪತ್ತೈದು ಮಕ್ಕಳು ಶಾಲೆ ತೊರೆದಂತಾಗುವುದು. 2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ಶೇ. 89.33ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲನೆಯದಾಯಿತು, ಅಭಿಮಾನಪಡತಕ್ಕ ಸಂಗತಿ. ಆದರೆ ಹತ್ತನೆಯ ತರಗತಿಯವರೆಗೆ ಒಂದೆಡೆ ನಿಂತು ಓದಿದವರ ಲೆಕ್ಕವಷ್ಟೇ ಅದರಲ್ಲಿದೆ.

2009ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿ, ತರಗತಿಗಳನ್ನು ಬೆರೆಸಿ, ಮಗು ತಾನು ನಿಂತ ಮೆಟ್ಟಿಲಿನಿಂದ ಮುಂದುವರಿಯಲು ಎಡೆಗೊಡುವುದರಿಂದ, ಮಲೆಯ ಈ ಕಿರುಶಾಲೆಗಳಿಗೆ ಒಪ್ಪುವಂಥದು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯೂ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದೂ, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಕೂಡದೆಂದೂ ವಿಧಿಸಿದೆ. ಮಕ್ಕಳು ಕಡಮೆಯೆಂದು ಶಾಲೆಗಳನ್ನು ಹತ್ತಿರದ ಶಾಲೆಯೊಡನೆ ವಿಲೀನಗೊಳಿಸುವ ಮಾತು ಬಂದಾಗಲೆಲ್ಲ, ಹತ್ತಿರವೆಂಬುದನ್ನು ನಕ್ಷೆಯ ಮೇಲೆ ಅಳೆಯದೆ, ಆನೆ ಸಂಚರಿಸುವ ತೋಟದ ದಾರಿಯಲ್ಲಿ ಬೆಳಗಿನ ಮಂಜಿನೊಳಗೆ ಅಳೆಯಬೇಕು: 2014ರ ಸುಮಾರಿಗೆ ಆಲೂರು, ಸಕಲೇಶಪುರಗಳ ಕಡೆಯಿಂದ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅಲ್ಲಿ ಆನೆಯ ಭಯ ತೀರಿಲ್ಲ. ಫಲಿತಾಂಶ ಅಳೆಯುವಾಗಲೂ ಒಂದೊಂದು ವರ್ಷದ ಬೆರಳೆಣಿಕೆಯ ಮಕ್ಕಳನ್ನು ಬಿಡಿಬಿಡಿಯಾಗಿ ನೋಡದೆ, ಮೂರು ವರ್ಷಗಳ ಮಕ್ಕಳನ್ನು ಒಟ್ಟುಗೂಡಿಸಿ, ವರ್ಷದ ನಡುವೆ ಸೇರಿದವರನ್ನೂ ಹೊರಟುಹೋದವರನ್ನೂ ಪ್ರತ್ಯೇಕವಾಗಿ ನಮೂದಿಸಿ, ಪ್ರತಿಯೊಂದು ಮಗು ಸೇರಿದಂದು ಎಷ್ಟು ಬಲ್ಲದಾಗಿತ್ತು, ಹೊರಟಂದು ಎಷ್ಟು ಬಲ್ಲದಾಯಿತು ಎಂಬುದನ್ನು ಬರೆದಿಡುವ ಪರಿಪಾಠ ವನಗೂರು ಸೀಮೆಯ ಶಾಲೆಗಳಿಂದಲೇ ಆರಂಭವಾಗಲು ಅಡ್ಡಿಯೇನೂ ಕಾಣದು.