ಉದಕಮಂಡಲ (ಊಟಿ)

ಉದಕಮಂಡಲ ಅಥವಾ ಊಟಿಯು ತಮಿಳುನಾಡಿನ ನೀಲಗಿರಿ ಜಿಲ್ಲೆಯ ಆಡಳಿತ ಕೇಂದ್ರ ಹಾಗೂ ದಕ್ಷಿಣ ಭಾರತದ ಪ್ರಸಿದ್ಧ ಗಿರಿಧಾಮ. ತಮಿಳಿನಲ್ಲಿ ಇದರ ಅಧಿಕೃತ ಹೆಸರು ಉದಗಮಂಡಲಂ. ಮೈಸೂರಿನಿಂದ ಸುಮಾರು 125 ಕಿ.ಮೀ. ದೂರದಲ್ಲಿರುವ ಈ ಪಟ್ಟಣಕ್ಕೆ ಬೆಳಿಗ್ಗೆ ಬಂದು ರಾತ್ರಿಯೊಳಗೆ ಮರಳುವ ಪ್ರವಾಸಿಗರು ಹೆಚ್ಚು. ಪಟ್ಟಣದ ಹುಟ್ಟಿಗೆ ಕಾರಣವಾದ ತಂಪು ಹವೆಯೇ ಇಂದು ವಾಹನದಟ್ಟಣೆಗೂ ಕಾರಣವಾಗಿದ್ದು, 2024ರಿಂದ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಗಿದೆ.

ಹವಾಗುಣ

ಉದಕಮಂಡಲವು ಉಷ್ಣವಲಯದೊಳಗೆ, ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಎತ್ತರವು ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣಾಂಶವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದ್ದರಿಂದ ಬಯಲಿನಲ್ಲಿ ಬಿಸಿಲು ತೀವ್ರವಾಗಿರುವ ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಇಲ್ಲಿ ತಂಪಿರುತ್ತದೆ. ಡಿಸೆಂಬರ್–ಜನವರಿಯ ಕೆಲವು ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು.

ಇತಿಹಾಸ

ನೀಲಗಿರಿಯು ತೋಡ, ಕೋತ, ಕುರುಂಬ, ಇರುಳ ಮತ್ತು ಬಡಗ ಸಮುದಾಯಗಳ ನೆಲೆ. ತೋಡರು ಎಮ್ಮೆ ಸಾಕುವವರು. ಅವರ ಹಟ್ಟಿಯನ್ನು ‘ಮಂದ್’ ಎನ್ನಲಾಗುತ್ತದೆ. ಬಡಗರ ನುಡಿಯು ಕನ್ನಡಕ್ಕೆ ಬಹಳ ಹತ್ತಿರವಾಗಿದೆ. ಉತ್ತರ ದಿಕ್ಕನ್ನು ಸೂಚಿಸುವ ‘ಬಡಗ’ ಎಂಬ ಹೆಸರು, ಅವರು ಮೈಸೂರು ಸೀಮೆಯ ಕಡೆಯಿಂದ ಬಂದವರೆಂಬ ಪರಂಪರಾಗತ ಕಥನಕ್ಕೆ ಹೊಂದುತ್ತದೆ. ನೀಲಗಿರಿಯ ಅತ್ಯುನ್ನತ ಶಿಖರವಾದ ದೊಡ್ಡಬೆಟ್ಟದ (2,637 ಮೀ.) ಹೆಸರಿನಲ್ಲಿಯೂ ಈ ನಂಟು ಕಾಣುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಈ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಇಲ್ಲಿ ಮನೆ ಕಟ್ಟಿಸಿ, ಕೆರೆಯನ್ನೂ ನಿರ್ಮಿಸಿದನು. ಬಯಲಿನ ಬಿಸಿಲಿನಿಂದ ಬಳಲಿದ ಸೈನಿಕರ ಹಾಗೂ ಅಧಿಕಾರಿಗಳ ಆರೋಗ್ಯಧಾಮವಾಗಿ ಬೆಳೆದ ಊರು, ಮುಂದೆ ಮದರಾಸು ಪ್ರಾಂತ್ಯದ ಬೇಸಿಗೆ ರಾಜಧಾನಿಯಾಯಿತು. ಮೈಸೂರಿನ ಅರಸರೂ ಇಲ್ಲಿ ಫರ್ನ್‌ಹಿಲ್ಸ್ ಅರಮನೆಯನ್ನು ಹೊಂದಿದ್ದರು.

ಒಂದು ದಿನದ ಪ್ರವಾಸ

ಮೈಸೂರಿನಿಂದ ಬರುವ ಮಾರ್ಗವು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ಮತ್ತು ಮುದುಮಲೈ ಅರಣ್ಯಗಳ ಮೂಲಕ ಸಾಗಿ ತೆಪ್ಪಕಾಡಿನಲ್ಲಿ ಕವಲೊಡೆಯುತ್ತದೆ. ಮಸಿನಗುಡಿಯ ಮೂಲಕ ಏರುವ ಕಲ್ಲಟ್ಟಿ ಘಟ್ಟದ ದಾರಿ ಹತ್ತಿರವಾದರೂ 36 ಕಡಿದಾದ ತಿರುವುಗಳನ್ನು ಹೊಂದಿದೆ. ಗೂಡಲೂರಿನ ಮೂಲಕ ಹೋಗುವ ದಾರಿ ಸುಮಾರು 30 ಕಿ.ಮೀ. ಹೆಚ್ಚು ಉದ್ದವಿದ್ದರೂ ಏರು ಸೌಮ್ಯವಾಗಿದೆ.

ದಿನದ ಪ್ರವಾಸಕ್ಕೆ ಸಮಯದ ಮಿತಿಯನ್ನು ವಿಧಿಸುವುದು ಅರಣ್ಯ. ರಸ್ತೆ ದಾಟುವ ವನ್ಯಜೀವಿಗಳ ಸಾವನ್ನು ತಡೆಯಲು 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಜಾರಿಯಲ್ಲಿದೆ. ಆದ್ದರಿಂದ ಇದೇ ದಾರಿಯಲ್ಲಿ ಮರಳುವವರು ಸಂಜೆಯೇ ಪಟ್ಟಣವನ್ನು ಬಿಡಬೇಕಾಗುತ್ತದೆ. ಹೀಗಾಗಿ ನೋಡಲು ಸಿಗುವ ಅವಧಿ ಕೆಲವೇ ಗಂಟೆಗಳು.

ಪಟ್ಟಣದ ಪ್ರಮುಖ ತಾಣಗಳೆಂದರೆ 1848ರಲ್ಲಿ ರೂಪುಗೊಂಡ ಸರ್ಕಾರಿ ಸಸ್ಯೋದ್ಯಾನ, ಗುಲಾಬಿ ತೋಟ ಹಾಗೂ ಕೆರೆ. ಸಸ್ಯೋದ್ಯಾನದಲ್ಲಿ ಕಲ್ಲಾಗಿ ಮಾರ್ಪಟ್ಟ ಪುರಾತನ ಮರದ ಕಾಂಡವನ್ನು ಕಾಣಬಹುದು. ಮೇ ತಿಂಗಳಲ್ಲಿ ಇಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನೀಲಗಿರಿ ಪರ್ವತ ರೈಲುಮಾರ್ಗವು ಮೆಟ್ಟುಪಾಳಯಂನಿಂದ ಉದಕಮಂಡಲದವರೆಗೆ 46 ಕಿ.ಮೀ. ಉದ್ದವಿದೆ. ಪೂರ್ಣ ದಾರಿಯನ್ನು ಏರಲು ಸುಮಾರು 5 ಗಂಟೆ ಬೇಕಾಗುವುದರಿಂದ, ಅಲ್ಪಾವಧಿಯ ಪ್ರವಾಸಿಗರಿಗೆ ಕುನೂರಿನವರೆಗಿನ ಪ್ರಯಾಣವೇ ಅನುಕೂಲಕರ. ಆದರೆ ಹಲ್ಲುಹಳಿಯ ಕಡಿದಾದ ಭಾಗವಿರುವುದು ಕುನೂರಿನ ಕೆಳಗೆ.

ಪರಿಸರ ಮತ್ತು ನಿರ್ಬಂಧಗಳು

ನೀಲಗಿರಿಯ ಮೂಲ ಭೂದೃಶ್ಯವು ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಸಂಯೋಜನೆ. ಇವು ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ತೊರೆಗಳಿಗೆ ಬಿಡುತ್ತವೆ. ವಸಾಹತು ಕಾಲದಿಂದ ಉರುವಲು ಹಾಗೂ ಆದಾಯಕ್ಕಾಗಿ ನೀಲಗಿರಿ (ಯೂಕಲಿಪ್ಟಸ್), ವಾಟಲ್ ಮರಗಳನ್ನು ನೆಟ್ಟುದರಿಂದ ಮತ್ತು ಚಹಾ ತೋಟಗಳು ವಿಸ್ತರಿಸಿದ್ದರಿಂದ ಹುಲ್ಲುಗಾವಲು ಬಹಳವಾಗಿ ಕುಗ್ಗಿತು. ಪ್ರವಾಸಿಗರು ಸಹಜ ಕಾಡೆಂದು ಭಾವಿಸುವ ಹಸಿರಿನ ಬಹುಭಾಗ ಇಂತಹ ನೆಡುತೋಪು. ತೋಡರ ಎಮ್ಮೆಗಳ ಮೇವಿನ ನೆಲವೂ ಇದರೊಂದಿಗೆ ಕಡಿಮೆಯಾಯಿತು.

ಬೇಸಿಗೆಯ ಜನಸಂದಣಿಯು ಕಿರಿದಾದ ರಸ್ತೆ, ಕುಡಿಯುವ ನೀರು ಹಾಗೂ ತ್ಯಾಜ್ಯ ವಿಲೇವಾರಿಯ ಮೇಲೆ ಒತ್ತಡ ಹೇರುತ್ತದೆ. ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಲಾಗಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ವ್ಯವಸ್ಥೆ ಜಾರಿಗೆ ಬಂದಿತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಂದು 6,000 ಹಾಗೂ ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳ ದೈನಂದಿನ ಮಿತಿಯನ್ನು ನಿಗದಿಪಡಿಸಲಾಯಿತು. ಪ್ರವಾಸೋದ್ಯಮವನ್ನೇ ನೆಚ್ಚಿರುವ ವರ್ತಕರು ಇಂತಹ ಮಿತಿಗಳನ್ನು ವಿರೋಧಿಸಿದ್ದಾರೆ. ಪರಿಸರದ ಧಾರಣಶಕ್ತಿಯನ್ನು ಉಳಿಸಿಕೊಳ್ಳಲು ಇವು ಅಗತ್ಯವೆಂಬುದು ಸಂರಕ್ಷಣಾವಾದಿಗಳ ನಿಲುವು.