ಅಂದು ನೀವೆಲ್ಲಿದ್ದಿರಿ? — 1948ರ ಜನವರಿ 30 ಮತ್ತು ಗಡಿನಾಡಿನ ನೆನಪುಗಳು

ಶಾಸನ, ಕೈಫಿಯತ್ತು, ನಾಣ್ಯ, ಸರಕಾರಿ ಕಡತ ಇವು ಇತಿಹಾಸಕ್ಕೆ ಆಧಾರಗಳೆಂಬುದನ್ನು ನಾವೆಲ್ಲರೂ ಬಲ್ಲೆವು. ಇವುಗಳ ಸಾಲಿನಲ್ಲಿ ಮನುಷ್ಯನ ನೆನಪಿಗೆ ಎಂತಹ ಸ್ಥಾನವನ್ನು ಕೊಡಬೇಕೆಂಬ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವರು ಅದನ್ನು ಪೂರ್ತಿಯಾಗಿ ನಂಬುವರು. ಕೆಲವರು ಸುತರಾಂ ಒಪ್ಪರು. ಗಡಿನಾಡಿನಲ್ಲಿ ಕನ್ನಡವನ್ನು ಕಲಿಸುವವರಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ನಮ್ಮ ಊರುಗಳ ಈಚಿನ ಚರಿತ್ರೆಯ ಬಹುಭಾಗ ಬರಹಕ್ಕೆ ಇಳಿದಿಲ್ಲ. ಇಳಿದುದೂ ಅನೇಕ ವೇಳೆ ಬೇರೆ ಭಾಷೆಯ ಕಡತಗಳಲ್ಲಿದೆ. ಉಳಿದುದು ಹಿರಿಯರ ಬಾಯಲ್ಲಿ ಮಾತ್ರ. ಆದಕಾರಣ ಒಂದು ದಿನವನ್ನು ಉದಾಹರಣೆಯಾಗಿ ತೆಗೆದುಕೊಂಡು, ನೆನಪಿನ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಆ ದಿನ 1948ರ ಜನವರಿ 30, ಶುಕ್ರವಾರ. ದೆಹಲಿಯ ಬಿರ್ಲಾ ಭವನದಲ್ಲಿ ಸಂಜೆ 5 ಗಂಟೆಗೆ ನಡೆಯಬೇಕಾಗಿದ್ದ ಪ್ರಾರ್ಥನಾಸಭೆಗೆ ಗಾಂಧೀಜಿಯವರು ಅಂದು ಸ್ವಲ್ಪ ತಡವಾಗಿ ಹೊರಟರು. ಸರ್ದಾರ್ ಪಟೇಲರೊಡನೆ ಮಾತುಕತೆ ಮುಗಿಯುವುದು ತಡವಾಗಿತ್ತು. 5 ಗಂಟೆ 17 ನಿಮಿಷಕ್ಕೆ ಪುಣೆಯ ಪತ್ರಿಕೆಯೊಂದರ ಸಂಪಾದಕನಾಗಿದ್ದ ನಾಥೂರಾಮ ಗೋಡ್ಸೆ ಎದುರಿಗೆ ಬಂದು ಮೂರು ಗುಂಡುಗಳನ್ನು ಹಾರಿಸಿದನು. 6 ಗಂಟೆಯ ಹೊತ್ತಿಗೆ ರೇಡಿಯೋ ದೇಶಕ್ಕೆ ಸುದ್ದಿಯನ್ನು ಸಾರಿತು. ಕೊಂದವನು ಹಿಂದೂ ಎಂಬುದನ್ನೂ ಅದರೊಡನೆಯೇ ಸ್ಪಷ್ಟಪಡಿಸಲಾಯಿತು. ದೇಶವಿಭಜನೆಯ ರಕ್ತ ಇನ್ನೂ ಆರಿರದ ಕಾಲ ಅದು. ಆ ಒಂದು ವಾಕ್ಯವು ಹೇಳದೆ ಉಳಿದಿದ್ದರೆ ಎಷ್ಟು ಊರುಗಳು ಉರಿಯುತ್ತಿದ್ದವೋ ಊಹಿಸಲಾಗದು. ಅದೇ ರಾತ್ರಿ ನೆಹರೂ ಅವರೂ ಪಟೇಲರೂ ರೇಡಿಯೋದಲ್ಲಿ ಮಾತನಾಡಿದರು. ಮರುದಿನ ಯಮುನೆಯ ದಡದಲ್ಲಿ ಅಂತ್ಯಸಂಸ್ಕಾರವಾಯಿತು. ಫೆಬ್ರುವರಿ 12ರಂದು ಪ್ರಯಾಗದಲ್ಲಿ ಅಸ್ಥಿವಿಸರ್ಜನೆ ನಡೆಯಿತು. ಚಿತಾಭಸ್ಮದ ಭಾಗಗಳು ದೇಶದ ಇತರ ಅನೇಕ ನದಿಗಳಿಗೂ ಹೋದವು.

“ಆ ಸುದ್ದಿ ಕೇಳಿದಾಗ ನೀವೆಲ್ಲಿದ್ದಿರಿ?” ಎಂದು ವಯೋವೃದ್ಧರನ್ನು ಕೇಳಿದರೆ ಅವರು ಊರಿನ ಹೆಸರನ್ನು ಹೇಳುವರು. ಊರು ಇದ್ದಲ್ಲಿಯೇ ಇದೆ. ಆದರೆ ಅಂದು ಆ ಊರು ಇದ್ದ ನಾಡು ಯಾವುದು? ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕೇರಳ ರಾಜ್ಯವೆಂಬುದು ಹುಟ್ಟಿದುದು 1956ರ ನವೆಂಬರ್ 1ರಂದು. ವಯನಾಡು ಅದೇ ಪ್ರಾಂತದ ಮಲಬಾರು ಜಿಲ್ಲೆಯಲ್ಲಿತ್ತು. ಹೊಸೂರು ಸೇಲಂ ಜಿಲ್ಲೆಯಲ್ಲಿ, ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲಿ. ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯ ತಾಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅವು ಬಳ್ಳಾರಿಯಿಂದ ಬೇರೆಯಾದವು. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿತ್ತು. ಅದರ ಮಗ್ಗುಲಿನ ಅಕ್ಕಲಕೋಟೆಯೂ ದಕ್ಷಿಣದ ಜತ್ತವೂ ಸಂಸ್ಥಾನಗಳು. ಗಾಂಧೀಜಿ ತೀರಿಕೊಂಡ ಐದು ವಾರಗಳ ಮೇಲೆ, ಅಂದರೆ ಮಾರ್ಚ್ 8ರಂದು, ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಾರಾಯಣಪೇಟೆಯವರು ನಿಜಾಮನ ಪ್ರಜೆಗಳು. ಹೈದರಾಬಾದು ಇನ್ನೂ ಭಾರತದೊಳಗೆ ಸೇರಿರಲಿಲ್ಲ. ಗೋವೆಯ ಕನ್ನಡಿಗನಂತೂ ಪೋರ್ಚುಗೀಸರ ಆಳಿಕೆಯಲ್ಲಿದ್ದನು.

ಹೀಗಿರುವಾಗ “ನಾವು ಆಗ ಕೇರಳದಲ್ಲಿದ್ದೆವು”, “ಕರ್ನಾಟಕ ಸರಕಾರ ರಜೆ ಕೊಟ್ಟಿತು” ಎಂದು ಒಬ್ಬರು ಹೇಳಿದರೆ, ಅವರ ನೆನಪಿನ ಮೇಲೆ ಮುಂದಿನ ಕಾಲದ ನಕ್ಷೆಯೊಂದು ಕುಳಿತಿದೆಯೆಂದು ತಿಳಿಯಬೇಕು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದೇ 1973ರಲ್ಲಿ. ಅದಕ್ಕೆ ಬದಲಾಗಿ “ಮಂಗಳೂರಿಗೆ ಹೋದವರು ಸುದ್ದಿ ತಂದರು”, “ಬಳ್ಳಾರಿಯ ಕಚೇರಿಯಿಂದ ತಿಳಿಯಿತು” ಎಂಬ ಮಾತು ಬಂದರೆ ಅಲ್ಲಿ ಹಳೆಯ ನಕ್ಷೆ ಉಳಿದಿದೆ. ಜನರು ಯಾವ ಊರಿನ ಕಡೆಗೆ ಮುಖ ಮಾಡಿ ಬದುಕುತ್ತಿದ್ದರು, ಸುದ್ದಿ ಯಾವ ದಾರಿಯಿಂದ ಬರುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ. ಗೆಜೆಟಿಯರು ತಾಲೂಕಿನ ಎಲ್ಲೆಯನ್ನು ಹೇಳಬಲ್ಲುದು. ಈ ಮುಖದ ದಿಕ್ಕನ್ನು ಹೇಳಲಾರದು.

ಇನ್ನು ನೆನಪಿನ ವಿಶ್ವಾಸಾರ್ಹತೆ. ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಮೊದಲು ಎತ್ತಿದವರಲ್ಲಿ ಅಮೆರಿಕದ ಕೋಲ್‌ಗ್ರೋವ್ ಒಬ್ಬನು. ಅಧ್ಯಕ್ಷ ಲಿಂಕನ್ನನ ಕೊಲೆ ನಡೆದುದು 1865ರಲ್ಲಿ, ಮೂವತ್ತು ವರ್ಷಗಳಿಗೂ ಮೀರಿದ ಮೇಲೆ ಅವನು 179 ಮಂದಿಯನ್ನು “ಸುದ್ದಿ ಕೇಳಿದಾಗ ನೀವೆಲ್ಲಿದ್ದಿರಿ?” ಎಂದು ವಿಚಾರಿಸಿ 1899ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. 127 ಮಂದಿ ವಿವರವಾಗಿ ಉತ್ತರ ಹೇಳಿದರು. 1977ರಲ್ಲಿ ಬ್ರೌನ್ ಮತ್ತು ಕೂಲಿಕ್ ಎಂಬ ವಿದ್ವಾಂಸರು ಇಂತಹ ನೆನಪುಗಳನ್ನು ಛಾಯಾಚಿತ್ರಗಾರನ ಮಿಂಚುದೀಪಕ್ಕೆ ಹೋಲಿಸಿದರು. ಆಘಾತದ ಕ್ಷಣದಲ್ಲಿ ಸುತ್ತಲಿನ ಸಮಸ್ತವೂ ಪಟದಂತೆ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ ಎಂಬುದು ಅದರ ಭಾವ.

ಈ ಅಭಿಪ್ರಾಯವನ್ನು ನೈಸರ್ ಎಂಬ ಮನಶ್ಶಾಸ್ತ್ರಜ್ಞನು ಸಂಶಯಿಸಿದನು. 1986ರ ಜನವರಿ 28ರಂದು ಚಾಲೆಂಜರ್ ಎಂಬ ಅಮೆರಿಕದ ಆಕಾಶನೌಕೆ ಸಿಡಿದು ಏಳು ಮಂದಿ ಸತ್ತರು. ಮರುದಿನ ಬೆಳಿಗ್ಗೆಯೇ ಅವನೂ ಅವನ ಸಹಾಯಕಿ ಹಾರ್ಶ್ ಎಂಬವಳೂ ಕಾಲೇಜಿನ 106 ವಿದ್ಯಾರ್ಥಿಗಳಿಂದ, ಸುದ್ದಿಯನ್ನು ಎಲ್ಲಿ, ಹೇಗೆ ಕೇಳಿದರೆಂಬುದನ್ನು ಬರೆಯಿಸಿ ಇಟ್ಟುಕೊಂಡರು. ಎರಡೂವರೆ ವರ್ಷಗಳ ಮೇಲೆ ಅವರಲ್ಲಿ 44 ಮಂದಿಯಿಂದ ಮತ್ತೆ ಬರೆಯಿಸಿದರು. 11 ಮಂದಿಯ ಎರಡನೆಯ ಬರಹದ ಮುಖ್ಯಾಂಶಗಳು ಮೊದಲನೆಯದಕ್ಕೆ ಸ್ವಲ್ಪವೂ ಹೊಂದಲಿಲ್ಲ. ಪೂರ್ತಿ ಹೊಂದಿದುದು 3 ಮಂದಿಯದು ಮಾತ್ರ. ತಮ್ಮದೇ ಹಸ್ತಾಕ್ಷರವನ್ನು ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ನೆನಪು ಸ್ಫುಟವಾಗಿದೆ ಎಂಬುದರಿಂದ ಅದು ನಿಜವೆಂದು ಸಿದ್ಧವಾಗುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಹಾಗೆಂದು ನೆನಪನ್ನು ಸುಳ್ಳೆಂದು ಬದಿಗೊತ್ತುವುದೂ ಸಲ್ಲದು. ಇದಕ್ಕೆ ನೈಸರನ ಸ್ವಂತ ಅನುಭವವೇ ನಿದರ್ಶನ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನು ದಾಳಿ ಮಾಡಿದ ಸುದ್ದಿ ಬಂದಾಗ ತಾನು ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ವರ್ಣನೆಯನ್ನು ಕೇಳುತ್ತಿದ್ದೆನೆಂದು ಅವನು ಬಹುಕಾಲ ನಂಬಿದ್ದನು. ಆದರೆ ಡಿಸೆಂಬರಿನಲ್ಲಿ ಆ ಆಟವೇ ನಡೆಯುವುದಿಲ್ಲ. ಮುಂದೆ ಇತರರು ಶೋಧಿಸಿದಾಗ, ಅಂದು ನ್ಯೂಯಾರ್ಕಿನಲ್ಲಿ ನಡೆದುದು ಫುಟ್‌ಬಾಲ್ ಆಟವೆಂದೂ, ಆಡಿದ ಎರಡು ತಂಡಗಳ ಹೆಸರುಗಳು ಅಲ್ಲಿನ ಪ್ರಸಿದ್ಧ ಬೇಸ್‌ಬಾಲ್ ತಂಡಗಳ ಹೆಸರುಗಳೇ ಎಂದೂ ಹೊರಟಿತು. ಆಟದ ಬಗೆ ತಪ್ಪಿದ್ದರೂ ರೇಡಿಯೋ, ಆಟ, ನಡುವೆ ಬಂದ ಸುದ್ದಿ ಎಂಬ ತಿರುಳು ಉಳಿದಿರಬಹುದು.

ನಮ್ಮ ಸೀಮೆಯ ನೆನಪುಗಳನ್ನೂ ಇದೇ ವಿವೇಕದಿಂದ ಪರೀಕ್ಷಿಸಬೇಕು. ಅದಕ್ಕೆ ಕೆಲವು ಒರೆಗಲ್ಲುಗಳಿವೆ. “ಧಾರವಾಡ ರೇಡಿಯೋದಲ್ಲಿ ಕೇಳಿದೆವು” ಎಂದರೆ, ಧಾರವಾಡ ಕೇಂದ್ರವು ಆರಂಭವಾದುದು 1950ರ ಜನವರಿಯಲ್ಲಿ. “ಮರುದಿನ ಪ್ರಜಾವಾಣಿಯಲ್ಲಿ ಓದಿದೆವು” ಎಂದರೆ, ಆ ಪತ್ರಿಕೆ ಹುಟ್ಟಿದುದು 1948ರ ಅಕ್ಟೋಬರಿನಲ್ಲಿ. “ಟ್ರಾನ್ಸಿಸ್ಟರಿಗೆ ಕಿವಿಗೊಟ್ಟು ಕುಳಿತಿದ್ದೆವು” ಎಂದರೆ, ಅಂತಹ ರೇಡಿಯೋ ಜಗತ್ತಿನ ಮಾರುಕಟ್ಟೆಗೆ ಬಂದುದೇ 1954ರಲ್ಲಿ; ಬಹುಶಃ ಅದು 1964ರ ಮೇ 27ರಂದು ನೆಹರೂ ತೀರಿಕೊಂಡಾಗಿನ ನೆನಪು ಹಿಂದಕ್ಕೆ ಸರಿದುದಿರಬಹುದು. “ಪಾಠ ನಡೆಯುತ್ತಿದ್ದಾಗ ಮೇಷ್ಟ್ರು ಅಳುತ್ತ ಬಂದರು” ಎಂಬ ನೆನಪಿಗೆ ವಿಶೇಷ ಗಮನ ಸಲ್ಲಬೇಕು. ಶುಕ್ರವಾರ ಸಂಜೆ ಸುದ್ದಿ ಹೊರಟಾಗ ಶಾಲೆಗಳು ಬಿಟ್ಟಿದ್ದವು. ಆದ್ದರಿಂದ ಅದು ಶನಿವಾರದ ಇಲ್ಲವೆ ಇನ್ನೂ ಮುಂದಿನ ಬೆಳಗಾಗಿರಬೇಕು. ಇದು ನೆನಪಿನ ದೋಷವಲ್ಲ. ಗಾಂಧೀಜಿ ಸತ್ತ ದಿನ ಒಂದು. ಸುದ್ದಿ ಆ ಹಳ್ಳಿಯನ್ನು ಮುಟ್ಟಿದ ದಿನ ಇನ್ನೊಂದು. ಈ ಎರಡರ ಅಂತರವೇ ಆ ಹಳ್ಳಿಯ ರಸ್ತೆ, ಅಂಚೆ, ವಿದ್ಯುತ್ತುಗಳ ಚರಿತ್ರೆ.

ಮತ್ತೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಒಂದೇ ದಿನವನ್ನು ಎಲ್ಲ ಮನೆಗಳೂ ಒಂದೇ ತೆರನಾಗಿ ನೆನೆಯುವುದಿಲ್ಲ. ಕೊಂದವನು ಮಹಾರಾಷ್ಟ್ರದ ಬ್ರಾಹ್ಮಣನೆಂಬ ಕಾರಣದಿಂದ ಸಾತಾರಾ, ಸಾಂಗಲಿ, ಕೊಲ್ಹಾಪುರ ಪ್ರದೇಶಗಳಲ್ಲಿ ಅಪರಾಧವರಿಯದ ಬ್ರಾಹ್ಮಣರ ಮನೆಗಳಿಗೂ ಅಂಗಡಿಗಳಿಗೂ ಬೆಂಕಿ ಬಿತ್ತು. ಜತ್ತಕ್ಕೆ ದೂರವಲ್ಲದ ಮಾಣದೇಶದ ಮರಾಠಿ ಲೇಖಕ ವ್ಯಂಕಟೇಶ ಮಾಡಗೂಳಕರರು ‘ವಾವಟಳ’ ಎಂಬ ಕಾದಂಬರಿಯಲ್ಲಿ ಇದನ್ನೇ ವಸ್ತುವಾಗಿ ಮಾಡಿಕೊಂಡಿದ್ದಾರೆ. ಊರ ಚಾವಡಿಯಲ್ಲಿ ಭಜನೆ ನಡೆದುದನ್ನು ನೆನೆಯುವ ಒಬ್ಬ ಹಿರಿಯನಿರುವಂತೆ, ರಾತ್ರಿ ಊರು ಬಿಟ್ಟುದನ್ನು ನೆನೆಯುವ ಇನ್ನೊಬ್ಬನೂ ಇರಬಹುದು. ಕೊಂದವನು ಯಾರೆಂದು ರೇಡಿಯೋ ಹೇಳುವ ತನಕ ಉಸಿರು ಬಿಗಿಹಿಡಿದು ಕುಳಿತ ಮುಸಲ್ಮಾನರ ಮನೆಯೂ ಇರಬಹುದು. ಅಹಿಂಸೆಯನ್ನು ಬೋಧಿಸಿದವನ ಮರಣದ ದುಃಖ ಹಿಂಸೆಯಾಗಿ ಹರಿದುದು ನಾಚಿಕೆಯ ಸಂಗತಿ; ಆದರೆ ನಾಚಿಕೆಯನ್ನು ಮುಚ್ಚಿದ ಚರಿತ್ರೆ ಮಕ್ಕಳಿಗೆ ಏನನ್ನೂ ಕಲಿಸಲಾರದು.

ಅಂದು ಹತ್ತು ವರ್ಷದ ಬಾಲಕರಾಗಿದ್ದವರು ಈಗ ತೊಂಬತ್ತನ್ನು ಸಮೀಪಿಸಿದ್ದಾರೆ. ಕಾಲ ಬಹಳ ಉಳಿದಿಲ್ಲ. ಗಡಿಭಾಗದ ಪ್ರತಿಯೊಂದು ಕನ್ನಡ ಶಾಲೆಯೂ ತನ್ನ ಊರಿನ ನಾಲ್ಕಾರು ಹಿರಿಯರನ್ನು ಕಂಡು, ಅವರು ಆಡಿದ ಮಾತನ್ನು ಅವರ ಆಡುನುಡಿಯಲ್ಲಿಯೇ ಬರೆದುಕೊಳ್ಳಲಿ. ಎಲ್ಲಿದ್ದಿರಿ, ಯಾರು ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ಮೊದಲು ಯಾರ ಮನೆಗೆ ಹೋದಿರಿ ಎಂಬ ನಾಲ್ಕು ಪ್ರಶ್ನೆಗಳು ಸಾಕು. ತಪ್ಪಿದ್ದರೆ ಮಾತನ್ನು ತಿದ್ದಬಾರದು. ಪುಟದ ಎಡಕ್ಕೆ ನೆನಪು, ಬಲಕ್ಕೆ ಪರಿಶೀಲನೆ ಇರಲಿ. ಹಾಗೆ ನೂರು ಪುಟಗಳು ಕೂಡಿದರೆ, ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ಇಂದು ಆರು ರಾಜ್ಯಗಳಲ್ಲಿ ಹಂಚಿಹೋಗಿರುವ ಕನ್ನಡದ ಮನೆಗಳಿಗೆ ಒಂದು ಶೋಕವಾರ್ತೆ ಯಾವ ದಾರಿಗಳಿಂದ ಬಂದು ಮುಟ್ಟಿತೆಂಬುದು ಕಾಣುತ್ತದೆ. ಆ ದಾರಿಗಳಲ್ಲಿ ಅನೇಕವನ್ನು ಮುಂದಿನ ಗಡಿರೇಖೆಗಳು ಕಡಿದವು. ಅವು ಒಮ್ಮೆ ಇದ್ದವೆಂಬುದಕ್ಕೆ ಈ ಹಿರಿಯರ ಮಾತಿಗಿಂತ ಹತ್ತಿರದ ಸಾಕ್ಷ್ಯ ನಮಗೆ ಸಿಕ್ಕಲಾರದು.